ಮಗಳ ಮನೆಯಲ್ಲಿ ಎರಡು ತಿಂಗಳು

ಬೇಸಿಗೆ ರಜೆ ಎಂದರೆ ನಮ್ಮಲ್ಲಿ ಏಪ್ರಿಲ್ ಮತ್ತು ಮೇ ತಿಂಗಳು. ಮಕ್ಕಳ ಪರೀಕ್ಷೆ ಮುಗಿದ ಮಾರನೆಯ ದಿನವೇ ಹೆಣ್ಣುಮಕ್ಕಳು ತವರಿಗೆ ಹೊರಡುತ್ತಾರೆ. ಮನೆ ತುಂಬ ಮಕ್ಕಳು, ಅಡುಗೆಮನೆಯಲ್ಲಿ ಬಿಡುವಿಲ್ಲದ ಕೆಲಸ, ಮಂಚದ ಕೆಳಗೆ ಹುಲ್ಲಿನಲ್ಲಿ ಹಣ್ಣಾಗುತ್ತಿರುವ ಮಾವು. ಇದು ನಮಗೆಲ್ಲ ಗೊತ್ತಿರುವ ರಜೆ. ಆದರೆ ಮಗಳು ಸಮುದ್ರದಾಚೆ ಇದ್ದರೆ ಈ ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಫ್ರಾನ್ಸಿನ ಶಾಲೆಗಳಿಗೆ ದೊಡ್ಡ ರಜೆ ಸಿಗುವುದು ಜುಲೈ ಮತ್ತು ಆಗಸ್ಟಿನಲ್ಲಿ. ನಮ್ಮಲ್ಲಿ ಮಳೆಗಾಲ ನಡೆಯುವಾಗ ಅವರಿಗೆ ಬೇಸಿಗೆ. ನಾಲ್ವರ ವಿಮಾನದ ಟಿಕೆಟು ಕೊಂಡು ಮಗಳು ಪ್ರತಿ ವರ್ಷ ತವರಿಗೆ ಬರುವುದು ಆಗದ ಮಾತು. ಆಗ ತವರೇ ಅವಳ ಬಳಿಗೆ ಹೋಗಬೇಕಾಗುತ್ತದೆ. 2023ರ ಬೇಸಿಗೆಯಲ್ಲಿ ನಾನು ಹೊರಟದ್ದು ಹಾಗೆ.

ನಾನು ಮೈಸೂರಿನವಳು. ಸರಕಾರಿ ಪ್ರಾಥಮಿಕ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿ ನಿವೃತ್ತಳಾದವಳು. ಮಕ್ಕಳ ತಂದೆ ತೀರಿಕೊಂಡ ನಂತರ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮಗ ದುಬೈಯಲ್ಲಿ, ಮಗಳು ಫ್ರಾನ್ಸಿನ ತುಲೂಸ್ ನಗರದಲ್ಲಿ. ಅಳಿಯ ವಿಮಾನ ತಯಾರಿಕೆಗೆ ಸಂಬಂಧಿಸಿದ ಕೆಲಸದಲ್ಲಿ ಇಂಜಿನಿಯರ್. ತುಲೂಸ್ ಆ ಉದ್ಯಮಕ್ಕೆ ಹೆಸರಾದ ಊರು. ಬೆಂಗಳೂರಿನ ಎಷ್ಟೋ ಹುಡುಗರು ಅಲ್ಲಿಗೆ ಹೋಗಿ ನೆಲೆಸಿದ್ದಾರೆ.

ಹೋಗುವ ಮೊದಲು ಕಾಗದಪತ್ರಗಳ ಕೆಲಸವೇ ಎರಡು ತಿಂಗಳು ಹಿಡಿಯಿತು. ಮಕ್ಕಳ ಮನೆಗೆ ಹೋಗಲಿರುವ ತಾಯಂದಿರಿಗೆ ಉಪಯೋಗವಾದೀತೆಂದು ಅದನ್ನು ಸ್ವಲ್ಪ ಹೇಳುತ್ತೇನೆ. ನಾವು ಅವರ ಮನೆಯಲ್ಲಿ ಉಳಿದುಕೊಳ್ಳುವುದಾದರೆ ಮಗಳೋ ಅಳಿಯನೋ ತಮ್ಮ ಊರಿನ ಪುರಸಭೆಗೆ ಹೋಗಿ ಒಂದು ಆತಿಥ್ಯ ಪತ್ರ ಮಾಡಿಸಬೇಕು. ಅದಕ್ಕೆ 30 ಯೂರೋ ಶುಲ್ಕವಿತ್ತು. ಮನೆಯಲ್ಲಿ ಎಷ್ಟು ಕೋಣೆಗಳಿವೆ, ಬಂದವರನ್ನು ನೋಡಿಕೊಳ್ಳುವಷ್ಟು ಆದಾಯವಿದೆಯೇ ಎಂದೆಲ್ಲ ಅಲ್ಲಿ ವಿಚಾರಿಸುತ್ತಾರೆ. ಆ ಪತ್ರದ ಮೂಲ ಪ್ರತಿ ಅಂಚೆಯಲ್ಲಿ ಇಲ್ಲಿಗೆ ಬರಬೇಕು. ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಮಾಡಿಸಬೇಕು. ಬೆರಳಚ್ಚು ಕೊಡಬೇಕು. ಈ ವೀಸಾದಲ್ಲಿ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಮಗಳ ಮನೆಗೆ ಹೋಗಲು ತಾಯಿಗೆ ಪುರಸಭೆಯ ಮೊಹರು ಬೇಕಾಗುವ ಕಾಲ ಇದು!

ಇನ್ನು ಗಂಟುಮೂಟೆ. ಮಗಳ ಮನೆಗೆ ಬರಿಗೈಯಲ್ಲಿ ಹೋಗುವುದುಂಟೇ? ಆದರೆ ಹೊರಗಿನಿಂದ ಬರುವವರು ಮಾಂಸ ಮತ್ತು ಹಾಲಿನ ಪದಾರ್ಥಗಳನ್ನು ಒಯ್ಯುವಂತಿಲ್ಲ. ಆದ್ದರಿಂದ ತುಪ್ಪವೂ ಇಲ್ಲ, ಖೋವಾ ಹಾಕಿದ ಮಿಠಾಯಿಯೂ ಇಲ್ಲ. ಮಾವಿನಹಣ್ಣನ್ನೂ ಬಿಡುವುದಿಲ್ಲ. ಕೊನೆಗೆ ನನ್ನ ಪೆಟ್ಟಿಗೆಯಲ್ಲಿ ಉಳಿದದ್ದು ಮನೆಯಲ್ಲಿ ಕುಟ್ಟಿಸಿದ ಖಾರದ ಪುಡಿ, ಗರಂ ಮಸಾಲೆ, ಎರಡು ಕಿಲೋ ರಾಗಿ ಹಿಟ್ಟು, ಮೊಮ್ಮಕ್ಕಳಿಗೆ ಬಟ್ಟೆ, ಒಂದು ಕನ್ನಡ ವರ್ಣಮಾಲೆಯ ಪುಸ್ತಕ ಮತ್ತು ನನ್ನ ಕ್ರೋಶಾ ಕಡ್ಡಿ, ನೂಲು.

ಹೊರಡುವ ವಾರದಲ್ಲಿ ಅಕ್ಕಪಕ್ಕದವರು, ನೆಂಟರು ಎಲ್ಲರೂ ಬೇಡವೆಂದರು. ಜೂನ್ 27ರಂದು ಪ್ಯಾರಿಸ್ ಪಕ್ಕದ ನಾಂತೇರ್ ಎಂಬಲ್ಲಿ 17 ವರ್ಷದ ಹುಡುಗನೊಬ್ಬ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ಅವನು ಅಲ್ಜೀರಿಯಾ ಮೂಲದ ಕುಟುಂಬದವನು. ಆ ನಂತರ ಕೆಲವು ರಾತ್ರಿ ದೇಶದ ಹಲವು ಊರುಗಳಲ್ಲಿ ಗಲಭೆ, ಬೆಂಕಿ. ಟಿವಿಯಲ್ಲಿ ಅದನ್ನೇ ಮತ್ತೆ ಮತ್ತೆ ತೋರಿಸುತ್ತಿದ್ದರು. "ದುಪಟ್ಟಾ ಹೊದ್ದು ಈಗ ಅಲ್ಲಿಗೆ ಹೋಗುತ್ತೀರಾ?" ಎಂದು ನನ್ನ ನಾದಿನಿ ಕೇಳಿದಳು. ನಾನು ಮಗಳಿಗೆ ಫೋನ್ ಮಾಡಿದೆ. "ಅಮ್ಮಿ, ನಾನು ಇವತ್ತೂ ಇಲ್ಲೇ ತರಕಾರಿ ತಂದು ಅಡುಗೆ ಮಾಡಿದ್ದೇನೆ. ನೀವು ಬನ್ನಿ" ಎಂದಳು. ಅಲ್ಲಾಹನ ಮೇಲೆ ಭರವಸೆಯಿಟ್ಟು ಹೊರಟೆ. ಬೆಂಗಳೂರಿನಿಂದ ಪ್ಯಾರಿಸಿಗೆ ಹತ್ತು ಗಂಟೆಗೂ ಹೆಚ್ಚಿನ ಪ್ರಯಾಣ, ಅಲ್ಲಿಂದ ಇನ್ನೊಂದು ವಿಮಾನ. ಶಾಲೆಗಳಿಗೆ ರಜೆ ಶುರುವಾದ ದಿನ, ಜುಲೈ 8ರಂದು, ಮಗಳ ಮನೆ ಸೇರಿದೆ.

ತುಲೂಸನ್ನು ಗುಲಾಬಿ ನಗರ ಎನ್ನುತ್ತಾರೆ. ಹಳೆಯ ಕಟ್ಟಡಗಳೆಲ್ಲ ಸುಟ್ಟ ಇಟ್ಟಿಗೆಯವು. ಸಂಜೆಯ ಬಿಸಿಲು ಬಿದ್ದಾಗ ಊರಿಗೆ ಊರೇ ಕೆಂಪೇರುತ್ತದೆ. ಊರ ನಡುವೆ ಗರೋನ್ ನದಿ. ಇನ್ನೊಂದು ಕಡೆ ಮಿದಿ ಕಾಲುವೆ. ರಾಜ ಹದಿನಾಲ್ಕನೇ ಲೂಯಿಯ ಕಾಲದಲ್ಲಿ ರಿಕೆ ಎಂಬಾತ ಮುಂದೆ ನಿಂತು ತೋಡಿಸಿದ್ದು. 1666ರಲ್ಲಿ ಆರಂಭವಾದ ಕೆಲಸ 1681ರಲ್ಲಿ ಮುಗಿಯಿತು. ಸುಮಾರು 240 ಕಿಲೋಮೀಟರ್ ಉದ್ದ. ತನ್ನ ಸ್ವಂತ ಹಣವನ್ನೂ ಅದಕ್ಕೆ ಸುರಿದ ರಿಕೆ, ಕಾಲುವೆ ತೆರೆಯುವ ಕೆಲವೇ ತಿಂಗಳ ಮೊದಲು ತೀರಿಕೊಂಡನಂತೆ. ಆ ಕಾಲುವೆಯ ದಂಡೆಯಲ್ಲಿ ನಾವು ದಿನಾ ಸಂಜೆ ನಡೆಯುತ್ತಿದ್ದೆವು. ಸಂಜೆ ಎಂದರೆ ನಮ್ಮ ಸಂಜೆಯಲ್ಲ. ಜುಲೈಯಲ್ಲಿ ಅಲ್ಲಿ ಸೂರ್ಯ ಮುಳುಗುವುದು ರಾತ್ರಿ ಒಂಬತ್ತೂವರೆ ದಾಟಿದ ಮೇಲೆ. ಮಗ್ರಿಬ್ ನಮಾಝ್ ಮುಗಿಸಿ ಇಶಾಗೆ ಕಾಯುವಷ್ಟರಲ್ಲಿ ಮಧ್ಯರಾತ್ರಿ ಹತ್ತಿರವಾಗುತ್ತಿತ್ತು. ಬೆಳಗಿನ ಫಜ್ರ್ ಮತ್ತೆ ಬೇಗ. ಮೊದಲ ವಾರ ನನಗೆ ನಿದ್ದೆಯ ಲೆಕ್ಕವೇ ಸಿಗಲಿಲ್ಲ.

ಊಟದ ತೊಂದರೆಯಾದೀತೆಂಬ ಭಯವಿತ್ತು. ಆಗಲಿಲ್ಲ. ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾದಿಂದ ಬಂದ ಕುಟುಂಬಗಳು ಅಲ್ಲಿ ತಲೆಮಾರುಗಳಿಂದ ಇವೆ. ಹಲಾಲ್ ಮಾಂಸದ ಅಂಗಡಿ ಮಗಳ ಮನೆಯಿಂದ ಹತ್ತು ನಿಮಿಷದ ದಾರಿ. ಭಾನುವಾರ ಸಂತೆಯಲ್ಲಿ ಪುದೀನ, ಕೊತ್ತಂಬರಿಯ ಕಟ್ಟುಗಳನ್ನು ಇಟ್ಟುಕೊಂಡು ಕೂರುವವರೂ ಅವರೇ. "ಸಲಾಮ್" ಎಂದರೆ ಒಂದು ಕಟ್ಟು ಹೆಚ್ಚಿಗೆ ಹಾಕುತ್ತಿದ್ದರು. ಆಗಸ್ಟ್ ಬಂತೆಂದರೆ ಬ್ರೆಡ್ಡಿನ ಅಂಗಡಿಯವರೂ ಬಾಗಿಲಿಗೆ ಚೀಟಿ ಅಂಟಿಸಿ ಮೂರು ವಾರ ರಜೆಗೆ ಹೋಗಿಬಿಡುತ್ತಾರೆ. ನಮ್ಮಲ್ಲಿ ಹಾಲಿನ ಅಂಗಡಿಯವನು ಮೂರು ವಾರ ಬಾಗಿಲು ಹಾಕಿದರೆ ಬೀದಿಯವರು ಸುಮ್ಮನಿರುತ್ತಾರೆಯೇ?

ನನಗೆ ನಿಜವಾದ ಕಷ್ಟ ಎದುರಾದದ್ದು ಮನೆಯೊಳಗೆ. ಮೊಮ್ಮಗಳಿಗೆ ಹನ್ನೊಂದು ವರ್ಷ, ಮೊಮ್ಮಗನಿಗೆ ಆರು. ನಾನು ಉರ್ದುವಿನಲ್ಲಿ ಮಾತನಾಡಿದರೆ ಇಬ್ಬರಿಗೂ ಅರ್ಥವಾಗುತ್ತದೆ. ಉತ್ತರ ಮಾತ್ರ ಫ್ರೆಂಚಿನಲ್ಲಿ. ಕನ್ನಡವಂತೂ ಅವರ ಕಿವಿಗೆ ಬಿದ್ದದ್ದೇ ಕಡಿಮೆ. ಫೋನಿನಲ್ಲಿ ವಾರಕ್ಕೊಮ್ಮೆ "ಸಲಾಮ್ ನಾನಿ" ಎನ್ನುವಷ್ಟು ಸಾಕಾಗಿದ್ದ ಮಾತು, ಒಂದೇ ಮನೆಯಲ್ಲಿ ದಿನವಿಡೀ ಇರುವಾಗ ಸಾಕಾಗುವುದಿಲ್ಲ. ಮೊಮ್ಮಗಳು ಅವಳ ಗೆಳತಿಯ ವಿಷಯವನ್ನೋ ಶಾಲೆಯ ವಿಷಯವನ್ನೋ ಹೇಳಲು ಉತ್ಸಾಹದಿಂದ ಬರುತ್ತಿದ್ದಳು. ಎರಡು ವಾಕ್ಯದ ನಂತರ ಉರ್ದು ಪದ ಸಿಗದೆ, "ಏನೂ ಇಲ್ಲ ನಾನಿ" ಎಂದು ಎದ್ದು ಹೋಗುತ್ತಿದ್ದಳು. ಅವಳ ಮನಸ್ಸಿನಲ್ಲಿದ್ದದ್ದು ನನಗೆ ತಲುಪದೆ ಉಳಿಯುತ್ತಿತ್ತು. ಅಜ್ಜಿ ಮೊಮ್ಮಗಳ ನಡುವೆ ಇದಕ್ಕಿಂತ ದೊಡ್ಡ ದೂರ ಯಾವುದಿದೆ?

ಮೂವತ್ತು ವರ್ಷ ಪಾಠ ಹೇಳಿದವಳು ಸುಮ್ಮನೆ ಕೂರುವುದು ಹೇಗೆ? ಆದರೆ ರಜೆಯಲ್ಲಿರುವ ಮಕ್ಕಳನ್ನು ಪುಸ್ತಕ ಹಿಡಿಸಿ ಕೂರಿಸಿದರೆ ಓಡಿಹೋಗುತ್ತಾರೆ. ಆದ್ದರಿಂದ ಒಂದು ಆಟ ಮಾಡಿದೆ. ಅಡುಗೆಮನೆಯ ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿದೆವು. ನಮ್ಮ ಮಾತಿನಲ್ಲೂ ಅವರ ಮಾತಿನಲ್ಲೂ ಒಂದೇ ತರಹ ಕೇಳುವ ಪದ ಹುಡುಕಿದವರು ಅದನ್ನು ಅಲ್ಲಿ ಬರೆಯಬೇಕು. ಮೊದಲ ಪದ ಮೊಮ್ಮಗನೇ ಹುಡುಕಿದ: ಅನಾನಸ್. ಫ್ರೆಂಚಿನಲ್ಲೂ ಅದು ಅನಾನಸ್ಸೇ. ಆಮೇಲೆ ನಮ್ಮ ಸಕ್ಕರೆ, ಅವರ ಸ್ಯೂಕ್ರ್. ಸಂಸ್ಕೃತದ ಶರ್ಕರ ಅರಬಿಯಲ್ಲಿ ಸುಕ್ಕರ್ ಆಗಿ ಯುರೋಪಿಗೆ ಹೋದ ಪದ ಅದು. ನಮ್ಮ ಸಾಬೂನು, ಅವರ ಸಾವೋಂ. ನಮ್ಮ ಕಮೀಜು, ಅವರ ಶೆಮೀಜ್. ನಾನು ಕೈಯಲ್ಲಿ ಹಿಡಿದಿದ್ದ ಕ್ರೋಶಾ ಕೂಡ ಫ್ರೆಂಚ್ ಪದವಂತೆ, ಚಿಕ್ಕ ಕೊಕ್ಕೆ ಎಂದು ಅರ್ಥ. ಹಾಳೆಯಲ್ಲಿ ಪ್ರತಿ ಪದವನ್ನೂ ಮೂರು ಲಿಪಿಯಲ್ಲಿ ಬರೆಯಬೇಕೆಂಬ ನಿಯಮ ಮಾಡಿದೆ. ಹಾಗೆ ಮೊಮ್ಮಗಳ ಕೈಗೆ ಕನ್ನಡ ಅಕ್ಷರ ಬಂತು. ಗುಂಡಗಿನ ಅಕ್ಷರಗಳು ಅವಳಿಗೆ ತುಂಬ ಇಷ್ಟವಾದವು. ಆಗಸ್ಟ್ ಮುಗಿಯುವ ಹೊತ್ತಿಗೆ ಹಾಳೆಯಲ್ಲಿ ಐವತ್ತಕ್ಕೂ ಹೆಚ್ಚು ಪದಗಳಿದ್ದವು. ಅವಳು ಉರ್ದುವಿನಲ್ಲಿ ಪೂರ್ತಿ ವಾಕ್ಯ ಕಟ್ಟಿ ಜಗಳವಾಡುವಷ್ಟು ಮುಂದುವರಿದಿದ್ದಳು.

ಮಗಳ ಮನೆಯ ಕಪಾಟಿನಲ್ಲಿ ಪವಿತ್ರ ಕುರ್‌ಆನಿನ ಫ್ರೆಂಚ್ ಅನುವಾದವಿದೆ. ಮೊಮ್ಮಗಳು ಅರ್ಥ ಓದುವುದು ಅದರಲ್ಲೇ. ಅನುವಾದಕರ ಹೆಸರು ನೋಡಿ ನನಗೆ ಸಂತೋಷವಾಯಿತು. ಡಾ. ಮುಹಮ್ಮದ್ ಹಮೀದುಲ್ಲಾಹ್, 1908ರಲ್ಲಿ ಹೈದರಾಬಾದಿನಲ್ಲಿ ಹುಟ್ಟಿದವರು. 1948ರ ನಂತರ ಹಲವು ದಶಕಗಳ ಕಾಲ ಪ್ಯಾರಿಸಿನಲ್ಲಿದ್ದು ಅಧ್ಯಯನ ಮಾಡಿದವರು. ಅವರ ಫ್ರೆಂಚ್ ಅನುವಾದ ಪ್ರಕಟವಾದದ್ದು 1959ರಲ್ಲಿ. ನಮ್ಮ ದಖ್ಖನಿನ ಒಬ್ಬ ವಿದ್ವಾಂಸ ಮಾಡಿಟ್ಟ ಕೆಲಸ ನನ್ನ ಮೊಮ್ಮಗಳ ಕೈಯಲ್ಲಿದೆ ಎಂದು ಅವಳಿಗೆ ಹೇಳಿದೆ. "ಹಾಗಾದರೆ ಅವರೂ ಮನೆಯಲ್ಲಿ ಉರ್ದು ಮಾತನಾಡುತ್ತಿದ್ದರಾ?" ಎಂದು ಕೇಳಿದಳು.

ಮಗಳ ಮನೆಯ ಮೇಲಿನ ಮಹಡಿಯಲ್ಲಿ ಎಂಬತ್ತು ದಾಟಿದ ಒಬ್ಬ ಫ್ರೆಂಚ್ ಮಹಿಳೆ ಒಬ್ಬರೇ ಇದ್ದರು. ಮಕ್ಕಳು ಅವರನ್ನು ಮದಾಂ ಎಂದೇ ಕರೆಯುತ್ತಿದ್ದರು. ಗಂಡ ತೀರಿಹೋಗಿದ್ದಾರೆ. ಮಗ ಉತ್ತರದ ಊರಿನಲ್ಲಿ, ವರ್ಷಕ್ಕೆ ಎರಡು ಸಲ ಬರುತ್ತಾನೆ. ಮೊದಲ ಸಲ ಲಿಫ್ಟಿನಲ್ಲಿ ಸಿಕ್ಕಾಗ ಅವರ ಕಣ್ಣು ನೇರವಾಗಿ ನನ್ನ ದುಪಟ್ಟಾದ ಅಂಚಿನ ಕ್ರೋಶಾ ಲೇಸಿಗೆ ಹೋಯಿತು. ಬೆರಳು ತೋರಿಸಿ, ನಂತರ ನನ್ನನ್ನು ತೋರಿಸಿ, "ನೀವೇ ಹೆಣೆದದ್ದೇ?" ಎಂಬಂತೆ ಹುಬ್ಬೇರಿಸಿದರು. ತಲೆಯಾಡಿಸಿದೆ. ಮಾರನೆಯ ದಿನ ಅವರು ತಮ್ಮ ತಾಯಿ ಹೆಣೆದ ಮೇಜುಬಟ್ಟೆ ಹಿಡಿದು ನಮ್ಮ ಬಾಗಿಲಿಗೆ ಬಂದರು. ಅಲ್ಲಿಂದ ಮುಂದೆ ದಿನಾ ಅಸರ್ ನಮಾಝಿನ ನಂತರ ನಾವಿಬ್ಬರೂ ಕೂತು ಹೆಣೆಯುವುದು ಅಭ್ಯಾಸವಾಯಿತು. ಅವರಿಗೆ ನನ್ನ ಮಾತು ಬಾರದು, ನನಗೆ ಅವರದು ಬಾರದು. ಬೊಂಜೂರ್, ಮೆರ್ಸಿ ಬಿಟ್ಟರೆ ನಮ್ಮ ನಡುವೆ ಬೇರೆ ಮಾತಿರಲಿಲ್ಲ. ಆದರೆ ನನ್ನ ಲೇಸಿನ ಮನೆ ತಪ್ಪಿದರೆ ಅವರಿಗೆ ಗೊತ್ತಾಗುತ್ತಿತ್ತು, ಅವರ ಕಣ್ಣು ಮಂಜಾದರೆ ನನಗೆ ಗೊತ್ತಾಗುತ್ತಿತ್ತು.

ಜುಲೈ ಕೊನೆಯಲ್ಲಿ ಅಳಿಯ ನಾಲ್ಕು ದಿನ ರಜೆ ಹಾಕಿ ಪ್ಯಾರಿಸಿಗೆ ಕರೆದೊಯ್ದ. ವೇಗದ ರೈಲಿನಲ್ಲಿ ನಾಲ್ಕೂವರೆ ಗಂಟೆಯ ದಾರಿ. ಐಫೆಲ್ ಗೋಪುರದ ಬಗ್ಗೆ ನಾನು ಹೇಳಬೇಕಾಗಿಲ್ಲ, ಎಲ್ಲರೂ ಚಿತ್ರದಲ್ಲಿ ನೋಡಿದ್ದೀರಿ. ನನ್ನ ಮನಸ್ಸಿನಲ್ಲಿ ಉಳಿದವು ಬೇರೆ ಮೂರು ಜಾಗಗಳು.

ಒಂದು, ಪ್ಯಾರಿಸಿನ ದೊಡ್ಡ ಮಸೀದಿ. 1922ರಲ್ಲಿ ಅದರ ಅಡಿಗಲ್ಲು ಹಾಕಿದರು, 1926ರ ಜುಲೈಯಲ್ಲಿ ಉದ್ಘಾಟನೆಯಾಯಿತು. ಮೊದಲ ಮಹಾಯುದ್ಧದಲ್ಲಿ ಫ್ರಾನ್ಸಿನ ಪರವಾಗಿ ಹೋರಾಡಿ ಮಡಿದ ಮುಸ್ಲಿಮ್ ಸೈನಿಕರ ನೆನಪಿಗಾಗಿ ಕಟ್ಟಿದ್ದು. ಮಿನಾರು 33 ಮೀಟರ್ ಎತ್ತರ. ಹಸಿರು ಹೆಂಚು, ಬಣ್ಣದ ಚೂರುಗಳ ಗೋಡೆ, ಅಂಗಳದ ಕಾರಂಜಿ. ಪಕ್ಕದ ಚಹಾದಂಗಡಿಯಲ್ಲಿ ಪುದೀನ ಚಹಾ ಕುಡಿಯಲು ಎಲ್ಲ ಧರ್ಮದವರೂ ಬಂದು ಕೂತಿದ್ದರು.

ಎರಡನೆಯದು ವರ್ಸೈ ಅರಮನೆ. ಶ್ರೀರಂಗಪಟ್ಟಣವನ್ನು ನೋಡಿ ಬೆಳೆದ ನನಗೆ ಅಲ್ಲಿ ಒಂದು ಕುತೂಹಲವಿತ್ತು. ಟಿಪ್ಪು ಸುಲ್ತಾನರು ಬ್ರಿಟಿಷರ ವಿರುದ್ಧ ನೆರವು ಕೇಳಿ ಫ್ರಾನ್ಸಿಗೆ ಮೂವರು ರಾಯಭಾರಿಗಳನ್ನು ಕಳಿಸಿದ್ದರು. 1788ರಲ್ಲಿ ಅವರು ತೂಲೋನ್ ಬಂದರಿನಲ್ಲಿ ಇಳಿದರು. ಆಗಸ್ಟ್ 10ರಂದು ರಾಜ ಹದಿನಾರನೇ ಲೂಯಿ ಅವರನ್ನು ಈ ಅರಮನೆಯಲ್ಲಿ ಬರಮಾಡಿಕೊಂಡ. ಅವರಲ್ಲಿ ಒಬ್ಬರಾದ ಮುಹಮ್ಮದ್ ದರ್ವೇಶ್ ಖಾನರ ದೊಡ್ಡ ಚಿತ್ರವನ್ನು ವಿಜೆ ಲ ಬ್ರನ್ ಎಂಬ ಪ್ರಸಿದ್ಧ ಕಲಾವಿದೆ ಬರೆದರು. ಕೇಳಿದ ಸೈನ್ಯದ ನೆರವು ಮಾತ್ರ ಸಿಗಲಿಲ್ಲ. ಮರುವರ್ಷವೇ ಅಲ್ಲಿ ಕ್ರಾಂತಿಯಾಯಿತು. ನಮ್ಮ ಸೀಮೆಯ ಜನ ಇನ್ನೂರು ವರ್ಷಗಳಿಗೂ ಹಿಂದೆ ಈ ಮೆಟ್ಟಿಲು ಹತ್ತಿದ್ದರು ಎಂದಾಗ ಮೊಮ್ಮಗಳು ಕಣ್ಣರಳಿಸಿದಳು. ಅವಳ ಶಾಲೆಯಲ್ಲಿ ಯಾರೂ ಇದನ್ನು ಹೇಳಿರಲಿಲ್ಲ.

ಮೂರನೆಯದು ಪ್ಯಾರಿಸಿನ ಹೊರವಲಯದ ಸುರೇನ್‌ನಲ್ಲಿರುವ ಒಂದು ಮನೆ, ಹೆಸರು ಫಝಲ್ ಮಂಝಿಲ್. ನಾವು ರಸ್ತೆಯಲ್ಲಿ ನಿಂತು ನೋಡಿದೆವು. ಟಿಪ್ಪುವಿನ ವಂಶಸ್ಥೆ ನೂರ್ ಇನಾಯತ್ ಖಾನ್ ಬೆಳೆದ ಮನೆ ಅದು. ತಂದೆ ಸೂಫಿ ಸಂಗೀತಗಾರ, ಮಗಳು ಮಕ್ಕಳಿಗಾಗಿ ಕಥೆ ಬರೆಯುತ್ತಿದ್ದವಳು. ಎರಡನೇ ಮಹಾಯುದ್ಧದಲ್ಲಿ ಜರ್ಮನರು ಫ್ರಾನ್ಸನ್ನು ಹಿಡಿದಾಗ, 1943ರಲ್ಲಿ ಪ್ಯಾರಿಸಿಗೆ ಗುಟ್ಟಾಗಿ ಬಂದು ರೇಡಿಯೋ ಮೂಲಕ ಲಂಡನ್ನಿಗೆ ಸಂದೇಶ ಕಳಿಸುವ ಕೆಲಸ ಮಾಡಿದಳು. ಸಂಗಡಿಗರೆಲ್ಲ ಸಿಕ್ಕಿಬಿದ್ದ ಮೇಲೂ ತಿರುಗಿ ಹೋಗಲಿಲ್ಲ. ಕೊನೆಗೆ ಅವಳೂ ಸೆರೆಸಿಕ್ಕಳು. 1944ರ ಸೆಪ್ಟೆಂಬರ್ 13ರಂದು ಡಖಾವ್ ಶಿಬಿರದಲ್ಲಿ ಅವಳನ್ನು ಗುಂಡಿಕ್ಕಿ ಕೊಂದರು. ಆಗ ಅವಳಿಗೆ ಮೂವತ್ತು ವರ್ಷ. ಯುದ್ಧದ ನಂತರ ಬ್ರಿಟನ್ ಜಾರ್ಜ್ ಕ್ರಾಸ್ ಗೌರವವನ್ನೂ ಫ್ರಾನ್ಸ್ ತನ್ನ ಯುದ್ಧ ಪದಕವನ್ನೂ ಅವಳಿಗೆ ನೀಡಿದವು. ಮಗಳು ಆ ಮನೆಯ ಮುಂದೆ ಬಹಳ ಹೊತ್ತು ನಿಂತಿದ್ದಳು. "ಈ ದೇಶ ನಮ್ಮದೂ ಹೌದು ಎಂದು ಮಕ್ಕಳಿಗೆ ಹೇಳಲು ಇನ್ನೇನು ಬೇಕು ಅಮ್ಮಿ?" ಎಂದಳು.

ಆಗಸ್ಟ್ ಮಧ್ಯದ ನಂತರ ಬಿಸಿಲು ಏರಿತು. ನಾವು ಬಿಸಿಲು ಕಾಣದವರೇ ಎಂದು ನಾನು ನಕ್ಕಿದ್ದೆ. ಆದರೆ ಅಲ್ಲಿನ ಬಹಳ ಮನೆಗಳಲ್ಲಿ ಫ್ಯಾನಿಲ್ಲ, ಏಸಿಯಿಲ್ಲ. ಆಗಸ್ಟ್ 23ರಂದು ತುಲೂಸಿನಲ್ಲಿ ತಾಪಮಾನ 42 ಡಿಗ್ರಿ ದಾಟಿತು. ಹವಾಮಾನ ಇಲಾಖೆ ಕೆಂಪು ಎಚ್ಚರಿಕೆ ಕೊಟ್ಟಿತ್ತು. ಬೆಳಿಗ್ಗೆಯೇ ಕಿಟಕಿಯ ಮರದ ಬಾಗಿಲುಗಳನ್ನು ಮುಚ್ಚಿ, ಕತ್ತಲೆಯಲ್ಲಿ ಕೂತು, ರಾತ್ರಿ ತೆರೆಯುವುದು ಅಲ್ಲಿನ ಪದ್ಧತಿ. ಆ ದಿನ ಮಗಳು ಬೆಳಿಗ್ಗೆ ಎದ್ದವಳೇ ಮೊಮ್ಮಗಳನ್ನು ಮೇಲಿನ ಮನೆಗೆ ಓಡಿಸಿದಳು. ಮದಾಂ ಮಂಚದ ಮೇಲೆ ಸೋತು ಮಲಗಿದ್ದರು, ಬಾಯಿ ಒಣಗಿತ್ತು. ಅವರನ್ನು ಮೆಲ್ಲಗೆ ಕೆಳಗೆ ಕರೆತಂದೆವು. ನೀರು ಕುಡಿಸಿ, ಒದ್ದೆ ಬಟ್ಟೆ ಹಾಕಿ, ಮನೆಯಲ್ಲಿದ್ದ ಒಂದೇ ಮೇಜಿನ ಫ್ಯಾನನ್ನು ಅವರ ಕಡೆ ತಿರುಗಿಸಿದೆವು. ನಾನು ನಿಂಬೆಹಣ್ಣಿನ ಪಾನಕಕ್ಕೆ ಚಿಟಿಕೆ ಉಪ್ಪು ಹಾಕಿ ಗಂಟೆಗೊಮ್ಮೆ ಕೊಟ್ಟೆ. ಮೂರು ದಿನ ಅವರು ನಮ್ಮ ಮನೆಯಲ್ಲೇ ಇದ್ದರು. ಮಗ ದಿನಕ್ಕೆ ಎರಡು ಸಲ ಫೋನ್ ಮಾಡುತ್ತಿದ್ದ. ಅವನ ದನಿಯಲ್ಲಿದ್ದ ಆತಂಕ ಭಾಷೆ ಬಾರದ ನನಗೂ ತಿಳಿಯುತ್ತಿತ್ತು.

ಮಗಳು ಅಷ್ಟು ಗಾಬರಿಯಾದದ್ದಕ್ಕೆ ಕಾರಣವಿದೆ. 2003ರ ಆಗಸ್ಟಿನಲ್ಲಿ ಫ್ರಾನ್ಸಿನಲ್ಲಿ ಬೀಸಿದ ಬಿಸಿಗಾಳಿಗೆ ಸುಮಾರು 15,000 ಜನರು ಸತ್ತರು. ಹೆಚ್ಚಿನವರು ವಯಸ್ಸಾದವರು. ಎಷ್ಟೋ ಮಂದಿ ಮನೆಯಲ್ಲಿ ಒಬ್ಬರೇ ಇದ್ದವರು. ಅದು ರಜೆಯ ತಿಂಗಳು, ಮಕ್ಕಳೂ ನೆರೆಯವರೂ ಊರಲ್ಲಿರಲಿಲ್ಲ, ವೈದ್ಯರೂ ರಜೆಯಲ್ಲಿದ್ದರು. ಪ್ಯಾರಿಸಿನಲ್ಲಿ ಯಾರೂ ಕೇಳಿಕೊಂಡು ಬಾರದ ಐವತ್ತಕ್ಕೂ ಹೆಚ್ಚು ಶವಗಳನ್ನು ಸೆಪ್ಟೆಂಬರಿನಲ್ಲಿ ಸರಕಾರವೇ ದಫನ ಮಾಡಿತು. ಅಧ್ಯಕ್ಷ ಶಿರಾಕ್ ಸ್ವತಃ ಅಲ್ಲಿಗೆ ಹೋಗಿ ನಿಂತರು. ಆ ನಂತರ ಒಂದು ಏರ್ಪಾಡು ಬಂತು. ಒಂಟಿಯಾಗಿರುವ ವೃದ್ಧರು ಪುರಸಭೆಯ ಪಟ್ಟಿಯಲ್ಲಿ ಹೆಸರು ಬರೆಸಬಹುದು. ಬಿಸಿಗಾಳಿಯ ದಿನಗಳಲ್ಲಿ ಅವರಿಗೆ ಫೋನ್ ಮಾಡಿ ವಿಚಾರಿಸುತ್ತಾರೆ.

ಇದನ್ನು ಕೇಳಿ ನನ್ನ ಬಾಯಿಗೆ ಬಂದ ಮಾತು ನಮ್ಮಲ್ಲಿ ಎಲ್ಲರೂ ಆಡುವ ಮಾತೇ. "ನಮ್ಮಲ್ಲಾದರೆ ಹೆತ್ತವರನ್ನು ಹೀಗೆ ಬಿಡುವುದಿಲ್ಲ" ಎಂದೆ. ಮೊಮ್ಮಗಳು ಹೆಣೆಯುತ್ತಿದ್ದ ಕಡ್ಡಿ ನಿಲ್ಲಿಸಿ, ತಾನು ಕಲಿತ ಉರ್ದುವಿನಲ್ಲಿ ನಿಧಾನವಾಗಿ ಕೇಳಿದಳು: "ನಾನಿ, ಮದಾಂ ಇಲ್ಲಿ ಒಬ್ಬರೇ ಇದ್ದಾರೆ. ನೀವು ಮೈಸೂರಿನಲ್ಲಿ ಒಬ್ಬರೇ ಇದ್ದೀರಿ. ಅವರ ಮಗ ರೈಲಿನಲ್ಲಿ ಬರಬಹುದು. ಅಮ್ಮ ನಿಮ್ಮ ಹತ್ತಿರ ರೈಲಿನಲ್ಲಿ ಬರಲು ಆಗುವುದಿಲ್ಲ ಅಲ್ಲವಾ?"

ಮಗಳು ಒಳಗೆ ಹೋದಳು. ಅಡುಗೆಮನೆಯಲ್ಲಿ ನಲ್ಲಿಯ ನೀರು ಬಹಳ ಹೊತ್ತು ಸುರಿಯುವುದು ಕೇಳಿಸಿತು.

ಆ ರಾತ್ರಿ ಮಗಳು ನನ್ನ ಕಾಲ ಬಳಿ ಕೂತು, "ಇಲ್ಲೇ ಇದ್ದುಬಿಡಿ ಅಮ್ಮಿ, ಕಾಗದಪತ್ರ ಹೇಗಾದರೂ ಮಾಡಿಸೋಣ" ಎಂದಳು. ನಾನು ಯೋಚಿಸದೆ ಉತ್ತರ ಹೇಳಲಿಲ್ಲ. ಹೆತ್ತವರ ಸೇವೆಯ ಬಗ್ಗೆ ನಾವು ಮಕ್ಕಳಿಗೆ ಬಾಲ್ಯದಿಂದ ಹೇಳಿಕೊಡುತ್ತೇವೆ. ಜೊತೆಗೆ ಚೆನ್ನಾಗಿ ಓದು, ದೊಡ್ಡ ಕೆಲಸ ಹಿಡಿ ಎಂದೂ ಹೇಳುತ್ತೇವೆ. ಆ ಕೆಲಸ ಎಂಟು ಸಾವಿರ ಕಿಲೋಮೀಟರ್ ದೂರದಲ್ಲಿ ಸಿಕ್ಕಿದರೆ ಮಗಳು ಎರಡು ಮಾತಿನ ನಡುವೆ ಸಿಕ್ಕಿಕೊಳ್ಳುತ್ತಾಳೆ. ಅದು ಅವಳ ತಪ್ಪಲ್ಲ. ಕಲ್ಲಿದ್ದ ಮನಸ್ಸಿನಿಂದ ಯಾರೂ ತಾಯಿಯನ್ನು ಬಿಟ್ಟು ಹೋಗುವುದಿಲ್ಲ, ಮದಾಂನ ಮಗನೂ ಅಷ್ಟೇ. ನಾನು ಮಗಳಿಗೆ ಹೇಳಿದೆ: "ನನ್ನ ಕೈಕಾಲು ನಡೆಯುವ ವರೆಗೆ ನನ್ನ ಊರಿನಲ್ಲಿರುತ್ತೇನೆ. ನನ್ನ ಮಾತು ಬಲ್ಲ ಜನ ಅಲ್ಲಿದ್ದಾರೆ. ನಿಮ್ಮ ಅಬ್ಬ ಮಲಗಿರುವ ಮಣ್ಣು ಅಲ್ಲಿದೆ. ಕೈಕಾಲು ನಿಂತ ದಿನ ನಾನೇ ಹೇಳುತ್ತೇನೆ. ಆಗ ನಾಚಿಕೆಪಡುವುದಿಲ್ಲ, ನೀನೂ ಹಿಂಜರಿಯಬೇಡ." ಅವಳು ಒಪ್ಪಿದಳೋ ಇಲ್ಲವೋ ಗೊತ್ತಿಲ್ಲ. ಆದರೆ ಇಬ್ಬರೂ ಮನಸ್ಸಿನಲ್ಲಿ ಇಟ್ಟುಕೊಂಡು ಓಡಾಡುತ್ತಿದ್ದ ಮಾತು ಹೊರಗೆ ಬಂತು. ಅದೇ ದೊಡ್ಡ ಸಮಾಧಾನ.

ರಜೆ ಮುಗಿಯುತ್ತ ಬಂದಿತ್ತು. ಆಗಸ್ಟ್ 27ರ ರಾತ್ರಿ ಶಿಕ್ಷಣ ಸಚಿವ ಗಾಬ್ರಿಯೇಲ್ ಅತ್ತಾಲ್ ಟಿವಿಯಲ್ಲಿ, ಇನ್ನು ಮುಂದೆ ಶಾಲೆಗಳಲ್ಲಿ ಅಬಾಯಾ ಧರಿಸುವಂತಿಲ್ಲ ಎಂದರು. ತಲೆವಸ್ತ್ರಕ್ಕೆ ಅಲ್ಲಿ ಮೊದಲೇ ಅವಕಾಶವಿರಲಿಲ್ಲ. ಧರ್ಮವನ್ನು ಎದ್ದು ತೋರಿಸುವ ಉಡುಪು, ಚಿಹ್ನೆಗಳನ್ನು ಸರಕಾರಿ ಶಾಲೆಗಳಲ್ಲಿ ನಿಷೇಧಿಸಿದ ಕಾನೂನು 2004ರ ಮಾರ್ಚ್ 15ರದು. ವಿಶ್ವವಿದ್ಯಾಲಯಗಳಿಗೆ ಅದು ಅನ್ವಯಿಸುವುದಿಲ್ಲ. ತಾರೀಖು ಕೇಳಿ ನನಗೆ ನಮ್ಮ ರಾಜ್ಯ ನೆನಪಾಯಿತು. ಹಿಜಾಬಿನ ಬಗ್ಗೆ ಕರ್ನಾಟಕ ಹೈಕೋರ್ಟ್ ತೀರ್ಪು ಬಂದದ್ದೂ ಮಾರ್ಚ್ 15ರಂದೇ, 2022ರಲ್ಲಿ. ಅದೇ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಆ ದಿನಗಳಲ್ಲಿ ನನ್ನ ಹಳೆಯ ವಿದ್ಯಾರ್ಥಿನಿಯರು ಕೆಲವರು ಪರೀಕ್ಷೆ ಬಿಟ್ಟು ಮನೆಯಲ್ಲಿ ಕೂತದ್ದನ್ನು ನಾನು ಕಣ್ಣಾರೆ ಕಂಡಿದ್ದೆ.

"ಇಲ್ಲಿ ಹುಡುಗಿಯರು ಗೇಟಿನ ವರೆಗೆ ತಲೆವಸ್ತ್ರ ಹಾಕಿಕೊಂಡು ಬರುತ್ತಾರೆ. ಗೇಟಿನಲ್ಲಿ ತೆಗೆದು ಬ್ಯಾಗಿಗೆ ಹಾಕುತ್ತಾರೆ. ಸಂಜೆ ಹೊರಗೆ ಬಂದು ಮತ್ತೆ ಕಟ್ಟಿಕೊಳ್ಳುತ್ತಾರೆ" ಎಂದಳು ಮಗಳು. ಕೆಳಗಿನ ಮನೆಯ ಮೊರಾಕ್ಕೊ ಹುಡುಗಿಗೆ ಹದಿನೈದು ವರ್ಷ. ಮರುದಿನ ಅವಳ ತಾಯಿ ನಮ್ಮಲ್ಲಿಗೆ ಬಂದು, ಉದ್ದ ಲಂಗ ಹಾಕಿದರೆ ಅದನ್ನೂ ಅಬಾಯಾ ಎನ್ನುತ್ತಾರೋ ಏನೋ ಎಂದು ಮಗಳೊಂದಿಗೆ ಚರ್ಚಿಸಿದರು. ಹೊಲಿದ ಲಂಗವನ್ನು ಎಷ್ಟು ಗಿಡ್ಡ ಮಾಡಬೇಕೆಂದು ಇಬ್ಬರು ತಾಯಂದಿರು ಟೇಪು ಹಿಡಿದು ಅಳೆಯುವುದನ್ನು ನೋಡುತ್ತ ಕೂತೆ. ಆ ಹುಡುಗಿ ಒಂದೇ ಮಾತು ಹೇಳಿದಳಂತೆ: "ನಾನು ಶಾಲೆ ಬಿಡುವುದಿಲ್ಲ." ಸೆಪ್ಟೆಂಬರ್ 4ರಂದು ಶಾಲೆ ತೆರೆಯಿತು. ಮೊಮ್ಮಗಳು ಹೊಸ ಶಾಲೆಗೆ, ಆರನೇ ತರಗತಿಗೆ ಹೋದಳು. ಆ ಹುಡುಗಿಯೂ ಅದೇ ದಾರಿಯಲ್ಲಿ ಅವಳ ಕೈಹಿಡಿದು ನಡೆದಳು. ತಲೆಯ ಮೇಲಿನ ಬಟ್ಟೆಯ ಬಗ್ಗೆ ದೊಡ್ಡವರು ಎಷ್ಟು ಬೇಕಾದರೂ ವಾದ ಮಾಡಲಿ, ಹುಡುಗಿಯ ಕೈಯಿಂದ ಪುಸ್ತಕ ಬಿಡಿಸುವ ಹಾಗೆ ಆಗಬಾರದು. ಅಲ್ಲಿಯೂ ಅಷ್ಟೇ, ಇಲ್ಲಿಯೂ ಅಷ್ಟೇ.

ಎರಡು ದಿನದ ನಂತರ ನಾನು ಹೊರಟೆ. ಮದಾಂ ತಾವು ಹೆಣೆದ ಬಿಳಿಯ ಲೇಸನ್ನು ಕಾಗದದಲ್ಲಿ ಸುತ್ತಿ ಕೊಟ್ಟರು. ನಾನು ನನ್ನ ಒಂದು ಕ್ರೋಶಾ ಕಡ್ಡಿಯನ್ನು ಅವರಿಗೆ ಬಿಟ್ಟು ಬಂದೆ.

ಮೈಸೂರಿಗೆ ಬಂದ ಮೇಲೆ ನಮ್ಮ ಬೀದಿಯ ಮನೆಗಳನ್ನು ಎಣಿಸಿದೆ. ಹದಿನೆಂಟು ಮನೆಗಳಲ್ಲಿ ಐದರಲ್ಲಿ ವಯಸ್ಸಾದವರು ಒಬ್ಬರೇ ಇದ್ದಾರೆ ಅಥವಾ ದಂಪತಿ ಇಬ್ಬರೇ ಇದ್ದಾರೆ. ಮಕ್ಕಳು ದುಬೈ, ದಮ್ಮಾಮ್, ಬೆಂಗಳೂರು, ಕೆನಡಾ. ನಾವು ಐದು ಮನೆಯವರು ಒಂದು ಮಾತಿಗೆ ಬಂದೆವು. ಪ್ರತಿದಿನ ಬೆಳಿಗ್ಗೆ ಎಂಟು ಗಂಟೆಯೊಳಗೆ ಪ್ರತಿಯೊಬ್ಬರೂ ಮುಂಬಾಗಿಲು ತೆರೆದು ಹೊರಗಿನ ಕೊಂಡಿಗೆ ಚೀಲ ನೇತುಹಾಕಬೇಕು. ಚೀಲ ಕಾಣದಿದ್ದರೆ ಪಕ್ಕದವರು ಬಾಗಿಲು ತಟ್ಟಬೇಕು. ಒಂದೊಂದು ಬೀಗದಕೈ ಇನ್ನೊಂದು ಮನೆಯಲ್ಲಿದೆ. ಮೂಲೆಮನೆಯ ಲಕ್ಷ್ಮಮ್ಮನವರೂ ಇದರಲ್ಲಿದ್ದಾರೆ, ಪಾತಿಮಾ ಬೀಯವರೂ ಇದ್ದಾರೆ. ಖರ್ಚಿಲ್ಲದ ಏರ್ಪಾಡು. ಕಳೆದ ಚಳಿಗಾಲದಲ್ಲಿ ಸ್ನಾನದ ಮನೆಯಲ್ಲಿ ಜಾರಿಬಿದ್ದ ಒಬ್ಬರು ಅರ್ಧ ಗಂಟೆಯೊಳಗೆ ಆಸ್ಪತ್ರೆ ಸೇರಿದ್ದು ಇದರಿಂದಲೇ.

ಮಕ್ಕಳನ್ನು ಹೊರದೇಶಕ್ಕೆ ಕಳಿಸಿರುವ ತಾಯಂದಿರೇ, ನಿಮ್ಮ ಬೀದಿಯಲ್ಲೂ ಇಂಥ ಮನೆಗಳಿರಬಹುದು, ಒಮ್ಮೆ ಎಣಿಸಿ ನೋಡಿ. ಮೊಮ್ಮಕ್ಕಳೊಂದಿಗೆ ಮಾತು ಉಳಿಸಿಕೊಳ್ಳಲೂ ಇಂಥದೇ ಚಿಕ್ಕ ಏರ್ಪಾಡು ಸಾಕು. ನಮ್ಮ ಮನೆಯಲ್ಲಿ ಪ್ರತಿ ಭಾನುವಾರ ಮಧ್ಯಾಹ್ನ ಮೊಮ್ಮಗಳು ಕರೆ ಮಾಡುತ್ತಾಳೆ. ಅರ್ಧ ಗಂಟೆ ಉರ್ದುವಿನಲ್ಲೇ ಮಾತು, ಕೊನೆಗೆ ಒಂದು ಹೊಸ ಪದ. ಅದನ್ನು ಅವಳು ಕನ್ನಡ ಅಕ್ಷರದಲ್ಲಿ ಬರೆದು ಫೋನಿನ ಮುಂದೆ ಹಿಡಿಯಬೇಕು. ಹೋದ ವಾರ ಬರೆದದ್ದು 'ನೆರೆಮನೆ'. ಒತ್ತಕ್ಷರವಿಲ್ಲದ ಪದವಾದ್ದರಿಂದ ಒಂದೂ ತಪ್ಪಿರಲಿಲ್ಲ.